ಹೊರಬರುವುದು ಒಂದು ದಿನ, ಲೆಕ್ಕ ತೀರುವುದು ಎಷ್ಟು ವರ್ಷ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಬ್ರೆಕ್ಸಿಟ್ ಎಂದರೆ ಒಂದು ಅಂಕದ ಪ್ರಶ್ನೆ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದದ್ದು ಯಾವಾಗ? 2020ರ ಜನವರಿ 31. ಉತ್ತರಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ದಿನಾಂಕದಲ್ಲಿ ಹೆಚ್ಚೇನೂ ಇಲ್ಲ. ಕಷ್ಟದ ಪ್ರಶ್ನೆಗಳೆಲ್ಲ ಅದರ ಮರುದಿನ ಶುರುವಾಗುತ್ತವೆ. ಮರುದಿನ ಬೆಳಿಗ್ಗೆ ಯಾವ ಕಾನೂನು ನಡೆಯುತ್ತದೆ? ಹಳೆಯ ಸಾಲ ಯಾರ ತಲೆಗೆ? ಕೂಡಿ ಅನುಭವಿಸುತ್ತಿದ್ದ ಪಾಲು ಹೇಗೆ ಹಂಚಿಕೆಯಾಗುತ್ತದೆ? ನೌಕರಿಯಲ್ಲಿದ್ದವರ ಗತಿ ಏನು?

ಇದು ದೂರದ ಯುರೋಪಿನ ಕಥೆ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ವಿಜಯಪುರ ಜಿಲ್ಲೆಯೂ ಒಮ್ಮೆ ಒಂದು ದೊಡ್ಡ ರಾಜ್ಯದಿಂದ ಹೊರಬಂದದ್ದೇ. 1956ರ ಅಕ್ಟೋಬರ್ 31ರ ರಾತ್ರಿ ಮಲಗುವಾಗ ನಿಡಗುಂದಿ ಬಾಂಬೆ ರಾಜ್ಯದಲ್ಲಿತ್ತು, ನವೆಂಬರ್ 1ರ ಬೆಳಿಗ್ಗೆ ಮೈಸೂರು ರಾಜ್ಯದಲ್ಲಿತ್ತು. ಇನ್ನು 2014ರಲ್ಲಿ ಆಂಧ್ರಪ್ರದೇಶ ಒಡೆದು ಎರಡಾದಾಗ ಅದರ ಬಿಸಿ ತಟ್ಟಿದ್ದು ಹೈದರಾಬಾದಿಗೆ ಮಾತ್ರವಲ್ಲ, ನಮ್ಮ ಊರ ಪಕ್ಕದ ಆಲಮಟ್ಟಿಗೂ ತಟ್ಟಿತು. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬ್ರೆಕ್ಸಿಟ್ ಬೇಗ ಅರ್ಥವಾಗುತ್ತದೆ, ನಮ್ಮ ಊರಿನ ಭವಿಷ್ಯವೂ ಸ್ವಲ್ಪ ಅರ್ಥವಾಗುತ್ತದೆ.

ಹೊರಡುವ ನಿರ್ಧಾರ ಯಾರದು?

ಐರೋಪ್ಯ ಒಕ್ಕೂಟ ದೇಶಗಳು ತಾವಾಗಿಯೇ ಒಪ್ಪಂದ ಮಾಡಿಕೊಂಡು ಕಟ್ಟಿದ ಮನೆ. 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದ ಆ ಮನೆಗೆ ಹೊರಹೋಗುವ ಬಾಗಿಲನ್ನೂ ಇಟ್ಟಿತು. ಅದೇ 50ನೇ ವಿಧಿ. ಯಾವುದೇ ಸದಸ್ಯ ದೇಶ ತನ್ನ ಸಂವಿಧಾನದ ಪ್ರಕಾರ ತೀರ್ಮಾನಿಸಿ ನೋಟಿಸ್ ಕೊಟ್ಟರೆ, ಎರಡು ವರ್ಷದೊಳಗೆ ಮಾತುಕತೆ ಮುಗಿಸಿ ಹೊರಡಬಹುದು. ಎಲ್ಲರೂ ಒಪ್ಪಿದರೆ ಅವಧಿ ವಿಸ್ತರಿಸಬಹುದು.

ಬ್ರಿಟನ್ನಿನಲ್ಲಿ 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮಂದಿ ಹೊರಬರೋಣ ಎಂದರು. ಆಗ ಮೊದಲ ಕಾನೂನು ಪ್ರಶ್ನೆ ಎದ್ದಿತು. ಜನ ಹೇಳಿದ ಮೇಲೆ ಪ್ರಧಾನಿ ನೇರವಾಗಿ ನೋಟಿಸ್ ಕೊಡಬಹುದೇ, ಸಂಸತ್ತಿನ ಒಪ್ಪಿಗೆ ಬೇಕೇ? 2017ರ ಜನವರಿ 24ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಿಲ್ಲರ್ ಪ್ರಕರಣದಲ್ಲಿ 8–3ರ ಬಹುಮತದಿಂದ ಸಂಸತ್ತಿನ ಒಪ್ಪಿಗೆ ಬೇಕೇ ಬೇಕು ಎಂದಿತು. ಅದರ ತರ್ಕ ಸರಳ. ಒಕ್ಕೂಟದ ಸದಸ್ಯತ್ವದಿಂದ ಜನರಿಗೆ ಹಕ್ಕುಗಳು ಬಂದಿವೆ. ಸಂಸತ್ತು ಕಾನೂನು ಮಾಡಿ ಕೊಟ್ಟ ಹಕ್ಕನ್ನು ಸರ್ಕಾರ ಒಂದು ಪತ್ರ ಬರೆದು ಕಿತ್ತುಕೊಳ್ಳುವಂತಿಲ್ಲ. ಮುಂದೆ 2018ರ ಡಿಸೆಂಬರ್‌ನಲ್ಲಿ ಐರೋಪ್ಯ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು. ಹೊರಡುವ ಮೊದಲು ಮನಸ್ಸು ಬದಲಾದರೆ ಬ್ರಿಟನ್ ತನ್ನ ನೋಟಿಸನ್ನು ತಾನೇ ಹಿಂಪಡೆಯಬಹುದು, ಉಳಿದವರ ಅಪ್ಪಣೆ ಬೇಕಿಲ್ಲ ಎಂದಿತು.

ನಮ್ಮಲ್ಲಿ ಇದು ಪೂರ್ತಿ ತಿರುವುಮುರುವು. ಸಂವಿಧಾನದ 1ನೇ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಎನ್ನುತ್ತದೆ. ಈ ಒಕ್ಕೂಟ ರಾಜ್ಯಗಳು ಕೂಡಿ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ, ಹಾಗಾಗಿ ಹೊರಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ ಎಂಬುದನ್ನು ಅಂಬೇಡ್ಕರ್ 1948ರಲ್ಲೇ ಸಂವಿಧಾನ ಸಭೆಯಲ್ಲಿ ಸ್ಪಷ್ಟಪಡಿಸಿದ್ದರು. ಅದೇ ವೇಳೆ 3ನೇ ವಿಧಿಯಡಿ ಸಂಸತ್ತು ಸಾಮಾನ್ಯ ಬಹುಮತದಿಂದಲೇ ಯಾವ ರಾಜ್ಯವನ್ನಾದರೂ ಒಡೆಯಬಹುದು, ಕೂಡಿಸಬಹುದು, ಗಡಿ ಬದಲಿಸಬಹುದು. ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಆದರೆ ಅದರಂತೆಯೇ ನಡೆಯಬೇಕೆಂದಿಲ್ಲ. 1959ರಲ್ಲಿ ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ವಿಭಜನೆಯ ಮಸೂದೆಯನ್ನು ಧ್ವನಿಮತದಿಂದ ತಿರಸ್ಕರಿಸಿತು. ಮರು ತಿಂಗಳೇ ಸಂಸತ್ತು ಅದನ್ನು ಅಂಗೀಕರಿಸಿತು.

ಅಂದರೆ ಯುರೋಪಿನಲ್ಲಿ ಸದಸ್ಯನನ್ನು ಯಾರೂ ಕತ್ತರಿಸಲಾರರು, ಆದರೆ ಅವನೇ ಎದ್ದು ಹೋಗಬಹುದು. ನಮ್ಮಲ್ಲಿ ರಾಜ್ಯ ಎದ್ದು ಹೋಗುವಂತಿಲ್ಲ, ಆದರೆ ಅದರ ಗಡಿಯನ್ನು ದಿಲ್ಲಿ ಬದಲಿಸಬಹುದು. ಬಾಗಿಲು ಬೇರೆ ಬೇರೆಯಾದರೂ, ಬಾಗಿಲು ದಾಟಿದ ಮೇಲಿನ ಪ್ರಶ್ನೆಗಳು ಮಾತ್ರ ಎರಡೂ ಕಡೆ ಒಂದೇ.

ಮರುದಿನ ಬೆಳಿಗ್ಗೆ ಯಾವ ಕಾನೂನು?

ಬ್ರಿಟನ್ 1973ರಿಂದ ಸದಸ್ಯ ದೇಶವಾಗಿತ್ತು. ಆಹಾರದ ಗುಣಮಟ್ಟ, ಕಾರ್ಮಿಕರ ಹಕ್ಕು, ವಿಮಾನ ಪ್ರಯಾಣ, ಪರಿಸರ ಹೀಗೆ ನೂರಾರು ವಿಷಯಗಳಲ್ಲಿ ಐರೋಪ್ಯ ಕಾನೂನು ಅಲ್ಲಿನ ದಿನಬಳಕೆಯ ಕಾನೂನಾಗಿತ್ತು. ಒಂದೇ ರಾತ್ರಿಯಲ್ಲಿ ಅದನ್ನೆಲ್ಲ ರದ್ದು ಮಾಡಿದರೆ ದೇಶ ನಡೆಯುವುದು ಹೇಗೆ? ಅದಕ್ಕೆ 2018ರ ಕಾಯ್ದೆಯ ಮೂಲಕ ಹಳೆಯ ಐರೋಪ್ಯ ಕಾನೂನನ್ನೇ ತಮ್ಮ ಕಾನೂನು ಎಂದು ಉಳಿಸಿಕೊಂಡರು. ಆಮೇಲೆ ನಿಧಾನವಾಗಿ ಬೇಡದ್ದನ್ನು ತೆಗೆಯುವ ಕೆಲಸ ಶುರುವಾಯಿತು. ಅದಕ್ಕಾಗಿ 2023ರಲ್ಲಿ ಇನ್ನೊಂದು ಕಾಯ್ದೆಯೇ ಬೇಕಾಯಿತು.

ಈ ಉಪಾಯ ನಮಗೆ ಹೊಸದೇನಲ್ಲ. 1956ರ ರಾಜ್ಯ ಪುನರ್‌ವಿಂಗಡಣಾ ಕಾಯ್ದೆಯ 119ನೇ ಕಲಂ ಇದೇ ಕೆಲಸ ಮಾಡಿತ್ತು. ವಿಜಯಪುರ, ಧಾರವಾಡ, ಉತ್ತರ ಕನ್ನಡ ಮತ್ತು ಚಂದಗಡ ತಾಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರಿಗೆ ಬಂದವು. ಆದರೆ ಹೊಸ ಶಾಸಕಾಂಗ ಬದಲಿಸುವವರೆಗೆ ಇಲ್ಲಿ ಬಾಂಬೆಯ ಕಾನೂನೇ ನಡೆಯಬೇಕು ಎಂದು ಆ ಕಲಂ ಹೇಳಿತು. ಹೀಗಾಗಿ ಬೆಂಗಳೂರು ರಾಜಧಾನಿಯಾದ ಮೇಲೂ ನಮ್ಮ ಅಜ್ಜಂದಿರ ಹೊಲಕ್ಕೆ 1879ರ ಬಾಂಬೆ ಭೂಕಂದಾಯ ಸಂಹಿತೆಯೇ ಅನ್ವಯಿಸುತ್ತಿತ್ತು. ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ ಬಂದದ್ದು 1964ರಲ್ಲಿ. ಗೇಣಿ ವಿಷಯದಲ್ಲಿ 1948ರ ಬಾಂಬೆ ಗೇಣಿ ಕಾಯ್ದೆ ಇಲ್ಲಿ ಇನ್ನೂ ಸ್ವಲ್ಪ ಕಾಲ ನಡೆಯಿತು. 1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಒಂದೇ ರಾಜ್ಯದೊಳಗೆ ಬಾಂಬೆ, ಹೈದರಾಬಾದ್, ಮದ್ರಾಸ್, ಕೊಡಗು, ಹಳೆ ಮೈಸೂರು ಎಂದು ಐದು ತೆರನ ಕಾನೂನು.

ಒಂದೇ ರಾಜ್ಯದಲ್ಲಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಕಾನೂನು ಇದ್ದರೆ ಸಮಾನತೆಯ ಹಕ್ಕಿನ ಗತಿ ಏನು? ಈ ಪ್ರಶ್ನೆ ಮಧ್ಯಪ್ರದೇಶದಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಭೋಪಾಲ್ ಶುಗರ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಕೋರ್ಟ್, ರಾಜ್ಯಗಳು ಕೂಡಿದಾಗ ಆಡಳಿತ ನಿಲ್ಲದಿರಲು ಹಳೆಯ ಕಾನೂನುಗಳು ಪ್ರದೇಶವಾರು ಮುಂದುವರಿಯುವುದು 14ನೇ ವಿಧಿಯ ಉಲ್ಲಂಘನೆ ಆಗುವುದಿಲ್ಲ ಎಂದಿತು. ಐತಿಹಾಸಿಕ ಕಾರಣ ಇದೆ ಎಂಬುದೇ ಅದಕ್ಕೆ ಆಧಾರ. ಆದರೆ ಅದನ್ನೇ ನೆಪವಾಗಿಸಿಕೊಂಡು ಕೈಕಟ್ಟಿ ಕೂಡುವಂತಿಲ್ಲ, ಹೊಂದಿಸುವ ಹೊಣೆ ಸರ್ಕಾರದ್ದು. ಇದನ್ನು ಓದುವಾಗ ಬ್ರಿಟನ್ನಿನ ತಜ್ಞರು ಈಗ ಮಾಡುತ್ತಿರುವ ಚರ್ಚೆಯೇ ನೆನಪಾಗುತ್ತದೆ.

ನೌಕರರು, ಪ್ರಕರಣಗಳು, ಸರ್ಟಿಫಿಕೇಟುಗಳು

ಕಾನೂನು ಉಳಿಯಿತು ಎಂದ ಮಾತ್ರಕ್ಕೆ ಮನುಷ್ಯರ ತೊಂದರೆ ತಪ್ಪಲಿಲ್ಲ. ಬ್ರಿಟನ್ನಿನಲ್ಲಿದ್ದ ಪೋಲಂಡ್, ರೊಮೇನಿಯಾದ ಕಾರ್ಮಿಕರು, ಸ್ಪೇನಿನಲ್ಲಿದ್ದ ಬ್ರಿಟಿಷ್ ನಿವೃತ್ತರು ಒಂದು ದಿನದಲ್ಲಿ ಪರದೇಶಿಗಳಾಗಬೇಕಿತ್ತು. ಅವರ ಹಕ್ಕು ಕಾಯಲು ನಿರ್ಗಮನ ಒಪ್ಪಂದದಲ್ಲಿ ಪ್ರತ್ಯೇಕ ಅಧ್ಯಾಯವೇ ಬಂತು. ಬ್ರಿಟನ್ನಿನಲ್ಲಿ ಐದು ವರ್ಷ ಸತತವಾಗಿ ವಾಸಿಸಿದವರು ಅರ್ಜಿ ಹಾಕಿ ಕಾಯಂ ನೆಲೆಯ ಹಕ್ಕು ಪಡೆಯಬೇಕಾಯಿತು. ಕಾಗದ ಇದ್ದವನಿಗೆ ಹಕ್ಕು ಸಿಕ್ಕಿತು, ಕಾಗದ ಕಾಯ್ದಿಟ್ಟುಕೊಳ್ಳದವನು ಅಲೆದಾಡಿದ.

1956ರಲ್ಲಿ ಇಲ್ಲಿ ಬಾಂಬೆ ಸರ್ಕಾರದ ನೌಕರರು ಮೈಸೂರು ಸರ್ಕಾರದ ನೌಕರರಾದರು. ಬೇರೆ ಬೇರೆ ಸಂಬಳ, ಬೇರೆ ಬೇರೆ ಹುದ್ದೆಯ ಹೆಸರು, ಬೇರೆ ಬೇರೆ ಬಡ್ತಿ ನಿಯಮ. ಯಾರು ಯಾರಿಗಿಂತ ಹಿರಿಯ ಎಂಬುದು ದೊಡ್ಡ ಜಗಳವಾಯಿತು. ಕಾಯ್ದೆಯ 115ನೇ ಕಲಂ, ಕೇಂದ್ರದ ಪೂರ್ವಾನುಮತಿ ಇಲ್ಲದೆ ನೌಕರರ ಸೇವಾ ಷರತ್ತನ್ನು ಅವರಿಗೆ ನಷ್ಟವಾಗುವಂತೆ ಬದಲಿಸಬಾರದು ಎಂದು ಕಾವಲು ಇಟ್ಟಿತ್ತು. ಆ ಒಂದು ವಾಕ್ಯದ ಅರ್ಥ ಹುಡುಕುತ್ತ ಪ್ರಕರಣಗಳು ಸುಪ್ರೀಂ ಕೋರ್ಟಿನ ತನಕ ಹೋದವು. ಬಾಂಬೆ ಹೈಕೋರ್ಟಿನಲ್ಲಿದ್ದ ನಮ್ಮ ಭಾಗದ ದಾವೆಗಳನ್ನು ಮೈಸೂರು ಹೈಕೋರ್ಟಿಗೆ ವರ್ಗ ಮಾಡಲೂ ಕಾಯ್ದೆಯಲ್ಲಿ ಪ್ರತ್ಯೇಕ ಕಲಂ ಬೇಕಾಯಿತು. ಬೆಂಗಳೂರು ದೂರವಾಯಿತು ಎಂಬ ಕೂಗಿಗೆ ಉತ್ತರ ಸಿಕ್ಕದ್ದು 2008ರಲ್ಲಿ, ಧಾರವಾಡ ಮತ್ತು ಕಲಬುರಗಿಯಲ್ಲಿ ಹೈಕೋರ್ಟ್ ಪೀಠಗಳು ಆರಂಭವಾದಾಗ. ಈಗ ನಿಡಗುಂದಿಯವರ ಹೈಕೋರ್ಟ್ ಕಲಬುರಗಿಯಲ್ಲಿ, ಕೃಷ್ಣೆಯ ಆಚೆ ದಂಡೆಯ ಬಾಗಲಕೋಟೆಯವರದ್ದು ಧಾರವಾಡದಲ್ಲಿ.

ಆ ಹಳೆಯ ಗಡಿ ಇಂದಿಗೂ ಅಳಿಸಿಲ್ಲ ಎನ್ನುವುದಕ್ಕೆ ನೌಕರಿ ಹುಡುಕುವ ನಾವೇ ಸಾಕ್ಷಿ. ತಾಳಿಕೋಟೆ ದಾಟಿ ಹುಣಸಗಿ, ಸುರಪುರದ ಕಡೆಗೆ ಹೋದರೆ 1956ರ ಮೊದಲು ಅದು ಹೈದರಾಬಾದ್ ರಾಜ್ಯ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಆ ಭಾಗಕ್ಕೆ ಮತ್ತು ಬಳ್ಳಾರಿಗೆ ಅನ್ವಯಿಸುತ್ತದೆ. ಅಲ್ಲಿನ ಅಭ್ಯರ್ಥಿಗೆ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಮೀಸಲಾತಿ ಇದೆ, ರಾಜ್ಯಮಟ್ಟದ ಕಚೇರಿಗಳ ಹುದ್ದೆಗಳಲ್ಲೂ ಶೇ 8ರಷ್ಟು ಇದೆ. ಈಚೆಯ ವಿಜಯಪುರದವರಿಗೆ ಇಲ್ಲ. ಮಳೆ, ಬೆಳೆ, ಬಡತನ, ಗುಳೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ಹಿಂದುಳಿದ ಭಾಗಕ್ಕೆ ಸಿಕ್ಕ ಆ ಸೌಲಭ್ಯವನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ, ಅದಕ್ಕಾಗಿ ಅವರು ದಶಕಗಳ ಕಾಲ ಹೋರಾಡಿದ್ದಾರೆ. ಆದರೆ ನೆಲದ ಮೇಲೆ ಕಾಣದ, ಇಲ್ಲವಾಗಿ ಎಷ್ಟೋ ವರ್ಷವಾದ ಒಂದು ರಾಜ್ಯದ ಗಡಿ ಇಂದಿನ ಅರ್ಜಿ ನಮೂನೆಯ ಒಂದು ಕಾಲಂನಲ್ಲಿ ಜೀವಂತವಾಗಿದೆ ಎಂಬುದನ್ನು ಗಮನಿಸಬೇಕು. ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ಬಾಂಬೆ ಕರ್ನಾಟಕ ಕಿತ್ತೂರು ಕರ್ನಾಟಕವಾಯಿತು. ಹೆಸರು ಹೋದರೂ ಗೆರೆ ಉಳಿಯಿತು.

ಕೂಡಿದ್ದಾಗಿನ ಪಾಲು, ಅಗಲಿದ ಮೇಲೆ ಯಾರಿಗೆಷ್ಟು?

ಮನೆ ಪಾಲಾಗುವಾಗ ಅತಿ ಹೆಚ್ಚು ಜಗಳ ಬಾವಿಯ ನೀರಿಗೆ ಎಂಬುದು ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಬ್ರೆಕ್ಸಿಟ್‌ನಲ್ಲಿ ಆ ಬಾವಿಯ ಸ್ಥಾನದಲ್ಲಿ ಹಣ ಮತ್ತು ಕೋಟಾ ಇದ್ದವು. ಸದಸ್ಯನಾಗಿದ್ದಾಗ ಒಪ್ಪಿಕೊಂಡ ಬಜೆಟ್, ಪಿಂಚಣಿ ಮುಂತಾದ ಬಾಧ್ಯತೆಗಳಿಗೆ ಬ್ರಿಟನ್ ಕೊಡಬೇಕಾದ ಮೊತ್ತ 3,500 ಕೋಟಿಯಿಂದ 3,900 ಕೋಟಿ ಪೌಂಡ್ ಎಂದು ಅಲ್ಲಿನ ಸರ್ಕಾರವೇ ಅಂದಾಜಿಸಿತ್ತು.

ಕೋಟಾ ವಿಷಯ ಇನ್ನೂ ಸ್ವಾರಸ್ಯಕರ. ನ್ಯೂಜಿಲೆಂಡ್ ವರ್ಷಕ್ಕೆ ಸುಮಾರು 2.28 ಲಕ್ಷ ಟನ್ ಕುರಿ ಮಾಂಸವನ್ನು ಸುಂಕವಿಲ್ಲದೆ ಇಡೀ ಐರೋಪ್ಯ ಒಕ್ಕೂಟಕ್ಕೆ ಕಳಿಸಬಹುದಿತ್ತು. ಬ್ರಿಟನ್ ಹೊರಡುವಾಗ ಬ್ರಿಟನ್ ಮತ್ತು ಒಕ್ಕೂಟ ಎರಡೇ ಕೂತು ಈ ಕೋಟಾವನ್ನು ಹಂಚಿಕೊಳ್ಳಲು ಹೊರಟವು. ನ್ಯೂಜಿಲೆಂಡ್ ತಕರಾರು ತೆಗೆಯಿತು. ಮೊದಲು ಬೆಲೆ ಎಲ್ಲಿ ಚೆನ್ನಾಗಿದೆಯೋ ಅಲ್ಲಿಗೆ ಮಾಲು ತಿರುಗಿಸುವ ಅನುಕೂಲ ಇತ್ತು, ಕೋಟಾ ಎರಡಾದರೆ ಅದು ಹೋಗುತ್ತದೆ, ನೀವಿಬ್ಬರು ಬೇರೆಯಾದದ್ದಕ್ಕೆ ನಾವೇಕೆ ನಷ್ಟ ಅನುಭವಿಸಬೇಕು ಎಂಬುದು ಅದರ ವಾದ. ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್ ಕೂಡ ಇಂಥದ್ದೇ ಆಕ್ಷೇಪ ಎತ್ತಿದವು.

ಈಗ ಕೃಷ್ಣೆಗೆ ಬನ್ನಿ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟು 2,060 ಟಿಎಂಸಿ ಅಡಿ ನೀರನ್ನು ಹಂಚಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. 2004ರಲ್ಲಿ ರಚನೆಯಾದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ತೀರ್ಪು ನೀಡಿ, 2013ರ ನವೆಂಬರ್‌ನ ಮುಂದಿನ ವರದಿಯಲ್ಲಿ ಸಣ್ಣ ಬದಲಾವಣೆ ಮಾಡಿತು. ಅದರಂತೆ ಕರ್ನಾಟಕದ ಪಾಲು 907 ಟಿಎಂಸಿ. ಆಲಮಟ್ಟಿಯಲ್ಲಿ ಈಗಿರುವ 519.60 ಮೀಟರ್ ಬದಲು 524.256 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಲು ಒಪ್ಪಿಗೆಯೂ ಸಿಕ್ಕಿತು.

ಆರು ತಿಂಗಳು ಕಳೆಯುವುದರಲ್ಲಿ, 2014ರ ಜೂನ್ 2ರಂದು ಆಂಧ್ರ ಎರಡಾಯಿತು. ವಿಭಜನಾ ಕಾಯ್ದೆಯ 89ನೇ ಕಲಂ, ಯೋಜನಾವಾರು ನೀರು ಹಂಚಿಕೆಯ ಕೆಲಸವನ್ನು ಇದೇ ನ್ಯಾಯಮಂಡಳಿಗೆ ಒಪ್ಪಿಸಿತು. ಆದರೆ ಹಂಚಿಕೆ ಯಾರ ಯಾರ ನಡುವೆ ಎಂದು ಬಿಡಿಸಿ ಹೇಳಲಿಲ್ಲ. ಆಂಧ್ರ ಮತ್ತು ತೆಲಂಗಾಣ ಇದನ್ನೇ ಹಿಡಿದವು. ಈಗ ನದಿಗೆ ನಾಲ್ಕು ರಾಜ್ಯಗಳಾದವು, ಹೀಗಾಗಿ ನಾಲ್ವರಿಗೂ ಹೊಸದಾಗಿ ಹಂಚಿ ಎಂದವು. ಒಡೆದದ್ದು ನಿಮ್ಮ ಮನೆ, ನಮ್ಮ ಪಾಲು ಮುಟ್ಟಬೇಡಿ ಎಂಬುದು ಕರ್ನಾಟಕ ಮತ್ತು ಮಹಾರಾಷ್ಟ್ರದ ಉತ್ತರ. 2016ರ ಅಕ್ಟೋಬರ್‌ನಲ್ಲಿ ನ್ಯಾಯಮಂಡಳಿ ಈ ವಾದವನ್ನೇ ಎತ್ತಿಹಿಡಿಯಿತು. 89ನೇ ಕಲಂ ಆಂಧ್ರ ಮತ್ತು ತೆಲಂಗಾಣಕ್ಕೆ ಮಾತ್ರ ಸಂಬಂಧಿಸಿದ್ದು ಎಂದಿತು. ನ್ಯೂಜಿಲೆಂಡಿನ ಕುರಿ ಮಾಂಸಕ್ಕೂ ಕೃಷ್ಣೆಯ ನೀರಿಗೂ ಒಂದೇ ನ್ಯಾಯ: ಇಬ್ಬರು ಬೇರೆಯಾದರೆ ಅದರ ಹೊರೆ ಮೂರನೆಯವನ ಮೇಲೆ ಬೀಳಬಾರದು.

ತೀರ್ಪು ನಮ್ಮ ಪರ ಬಂದರೂ ನೀರು ಮಾತ್ರ ಬರಲಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಆಂಧ್ರದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ನೀಡಿದ ಆದೇಶದಿಂದಾಗಿ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗಿಲ್ಲ. ಗೆಜೆಟ್‌ಗೆ ಬಾರದ ತೀರ್ಪು ಸಹಿ ಇಲ್ಲದ ಚೆಕ್ ಇದ್ದಂತೆ. 2022ರ ಜನವರಿಯಲ್ಲಿ ಪ್ರಕರಣ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎ.ಎಸ್. ಬೋಪಣ್ಣ ಅವರ ಮುಂದೆ ಬಂದಾಗ, ಒಬ್ಬರು ಮಹಾರಾಷ್ಟ್ರದವರು ಇನ್ನೊಬ್ಬರು ಕರ್ನಾಟಕದವರು ಎಂಬ ಕಾರಣಕ್ಕೆ ಇಬ್ಬರೂ ಹಿಂದೆ ಸರಿದರು. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಆಂಧ್ರ–ತೆಲಂಗಾಣ ನಡುವಿನ ಹಂಚಿಕೆಗೆ ಹೊಸ ವಿಚಾರಣಾ ಅಂಶಗಳನ್ನು ಒಪ್ಪಿ, ಅದನ್ನೂ ಇದೇ ನ್ಯಾಯಮಂಡಳಿಗೆ ವಹಿಸಿತು. ಅವರಿಬ್ಬರ ನಡುವೆ 2015ರಲ್ಲಿ ಒಂದು ವರ್ಷಕ್ಕೆಂದು ಮಾಡಿಕೊಂಡ 512 ಮತ್ತು 299 ಟಿಎಂಸಿಯ ತಾತ್ಕಾಲಿಕ ಏರ್ಪಾಡೇ ವರ್ಷಗಟ್ಟಲೆ ನಡೆಯಿತು.

ಇದರ ನಡುವೆ ನಲುಗುತ್ತಿರುವವರು ಯಾರು? ನಿಡಗುಂದಿ, ಕೊಲ್ಹಾರ, ಬಾಗಲಕೋಟೆ, ಬೀಳಗಿ ಕಡೆಯ ಹಿನ್ನೀರಿನ ಅಂಚಿನ ಊರುಗಳು. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅಂದಿನಿಂದ ಈ ಭಾಗದಲ್ಲಿ ಮುಳುಗಡೆ ಎಂಬ ಪದ ಹೆಸರಿನ ಜೊತೆಗೇ ಅಂಟಿಕೊಂಡಿದೆ. 524 ಮೀಟರ್‌ಗೆ ನೀರು ನಿಂತರೆ ಯಾವ ಹೊಲ ಹೋಗುತ್ತದೆ ಎಂಬುದು ಗೊತ್ತು, ಯಾವಾಗ ಹೋಗುತ್ತದೆ ಎಂಬುದು ಗೊತ್ತಿಲ್ಲ. ಬಾವಿ ತೋಡಿಸಬೇಕೇ, ಮನೆ ಕಟ್ಟಬೇಕೇ, ಮಗಳ ಮದುವೆಗೆ ಹೊಲ ಮಾರಿದರೆ ಯೋಗ್ಯ ಬೆಲೆ ಸಿಗುತ್ತದೆಯೇ? ಅತ್ತ ಕಾಲುವೆಯ ಕೊನೆಯಲ್ಲಿ ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ 130 ಟಿಎಂಸಿಗೆ ಕಾದು ಕೂತ ರೈತರಿಗೂ ಅದೇ ಅನಿಶ್ಚಿತತೆ.

ಹಳೆಯ ಒಪ್ಪಂದ ಸಾಯುತ್ತದೆಯೇ?

ಇನ್ನೊಂದು ಪ್ರಶ್ನೆ ಉಳಿಯಿತು. ರಾಜ್ಯದ ರೂಪವೇ ಬದಲಾದ ಮೇಲೆ ಅದು ಹಿಂದೆ ಮಾಡಿಕೊಂಡ ಒಪ್ಪಂದ ಉಳಿಯುತ್ತದೆಯೇ? ಕಾವೇರಿ ವಿಷಯದಲ್ಲಿ 1892 ಮತ್ತು 1924ರ ಒಪ್ಪಂದಗಳು ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯದ ನಡುವಿನವು. ಆ ಎರಡೂ ಇಂದು ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆ ಒಪ್ಪಂದಗಳೂ ಇಲ್ಲ ಎಂದು ಕರ್ನಾಟಕ ವಾದಿಸಿತು. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನೀರಿನ ಒಪ್ಪಂದ ರಾಜಕೀಯ ಒಪ್ಪಂದವಲ್ಲ, ಆಳುವವರು ಬದಲಾದರೆಂದು ಅದು ತಾನಾಗಿ ಬೀಳುವುದಿಲ್ಲ, 1924ರ ಒಪ್ಪಂದ ತನ್ನ 50 ವರ್ಷದ ಅವಧಿ ಮುಗಿದು 1974ರಲ್ಲಿ ಕೊನೆಗೊಂಡಿತು ಎಂದಿತು. ನೀರಾವರಿ ಯೋಜನೆಗಳ ಕುರಿತ ಅಂತರರಾಜ್ಯ ಒಪ್ಪಂದಗಳು ಮುಂದುವರಿಯುತ್ತವೆ ಎಂದು 1956ರ ಕಾಯ್ದೆಯ 108ನೇ ಕಲಂ ಕೂಡ ಹೇಳಿತ್ತು. ಬ್ರಿಟನ್ನಿನಲ್ಲಿ ಆದದ್ದು ಬೇರೆ. ಒಕ್ಕೂಟದ ಹೆಸರಿನಲ್ಲಿದ್ದ ವ್ಯಾಪಾರ ಒಪ್ಪಂದಗಳು ಅದಕ್ಕೆ ತಪ್ಪಿಹೋದವು. ಒಂದೊಂದೇ ದೇಶದ ಜೊತೆ ಹೊಸದಾಗಿ ಸಹಿ ಹಾಕಬೇಕಾಯಿತು. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದ ಸಾಧ್ಯವಾದದ್ದೂ ಬ್ರಿಟನ್ ಹೊರಬಂದಿದ್ದರಿಂದಲೇ. ಹೊರಬರುವುದರಿಂದ ಕಳೆದುಕೊಳ್ಳುವುದು ಇದ್ದಂತೆ ಪಡೆಯುವುದೂ ಇರುತ್ತದೆ.

ನಮಗೆ ಇದರಿಂದ ಏನು?

1956ರ ಏಕೀಕರಣದಿಂದ ಕನ್ನಡಿಗರು ಒಂದು ಸೂರಿನಡಿ ಬಂದರು, ಅದರ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಕಾಸರಗೋಡು ಮಾತ್ರ ಆಚೆ ಉಳಿಯಿತು. ಬೆಳಗಾವಿಯ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಇನ್ನೂ ಸುಪ್ರೀಂ ಕೋರ್ಟಿನಲ್ಲಿದೆ. ಯಾವ ವಿಭಜನೆಯೂ, ಯಾವ ಕೂಡುವಿಕೆಯೂ ಹಬ್ಬದ ದಿನ ಮುಗಿಯುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪ್ರತ್ಯೇಕ ರಾಜ್ಯ ಬೇಕು ಎಂಬ ಕೂಗು ನಮ್ಮ ಉತ್ತರ ಕರ್ನಾಟಕದಲ್ಲೂ ಆಗಾಗ ಏಳುತ್ತದೆ. ಅನ್ಯಾಯದ ಪಟ್ಟಿ ಸುಳ್ಳಲ್ಲ. ಆದರೆ ಆ ಕೂಗಿಗೆ ದನಿಗೂಡಿಸುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳು ಇವು: ಸಾಲ ಹೇಗೆ ಹಂಚಿಕೆ? ನೌಕರರ ಹಿರಿತನ ಏನಾಗುತ್ತದೆ? ನ್ಯಾಯಮಂಡಳಿ ಇಡೀ ಕರ್ನಾಟಕಕ್ಕೆ ಕೊಟ್ಟ ನೀರು ಯಾರ ಹೆಸರಿಗೆ? 371(ಜೆ) ಉಳಿಯುತ್ತದೆಯೇ? ವಿಭಜನೆಯ ಕಾಯ್ದೆಯಲ್ಲಿ ಒಂದು ಕಲಂ ಅಸ್ಪಷ್ಟವಾಗಿ ಉಳಿದರೆ ಅದರ ಬೆಲೆ ಎಷ್ಟು ಎಂಬುದನ್ನು 89ನೇ ಕಲಂ ತೋರಿಸಿಕೊಟ್ಟಿದೆ.

ಅದೇ ರೀತಿ, ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಾದದ್ದೂ ಇದೆ. ಆಲಮಟ್ಟಿಯ ಎತ್ತರ ಹೆಚ್ಚಿಸುತ್ತೇವೆ ಎಂದು ಭಾಷಣ ಮಾಡುವವರಿಗೆ, ಗೆಜೆಟ್ ಪ್ರಕಟಣೆಗೆ ಅಡ್ಡಿಯಾದ ಆದೇಶ ತೆರವಿಗೆ ಈ ವರ್ಷ ಏನು ಮಾಡಿದಿರಿ ಎಂದು ಕೇಳೋಣ. ಅದು ಯಾವ ಪಕ್ಷದ ಸರ್ಕಾರವಾದರೂ ಉತ್ತರಿಸಬೇಕಾದ ಪ್ರಶ್ನೆ.

ಕಾಯ್ದೆ ಓದುವುದು ವಕೀಲರ ಕೆಲಸ ಎಂದು ಬಿಟ್ಟರೆ ಅದರ ಫಲ ಉಣ್ಣುವುದು ಮಾತ್ರ ನಮ್ಮ ಪಾಲಿಗೆ ಬರುತ್ತದೆ. ಪರೀಕ್ಷೆಗೆಂದು 1956, 2014, 2020 ಎಂಬ ಇಸವಿಗಳನ್ನು ಬಾಯಿಪಾಠ ಮಾಡುವ ನಾವು, ಆ ಇಸವಿಗಳ ಹಿಂದಿನ ಒಂದೊಂದು ಕಲಮನ್ನೂ ಓದಿದರೆ ಪ್ರಬಂಧದ ಪತ್ರಿಕೆಯಲ್ಲಿ ಅಂಕ ಬರುತ್ತದೆ. ನಾಳೆ ಮುಳುಗಡೆಯ ನೋಟಿಸು ಮನೆಗೆ ಬಂದಾಗ ಅಪ್ಪನಿಗೆ ಅದನ್ನು ಓದಿ ಅರ್ಥ ಹೇಳಲೂ ಬರುತ್ತದೆ.